ಮಗುವಿನ ಜೊತೆ ಒಬ್ಬರು ಮಾತ್ರ

ಬಾಣಗಳು, ಕುಣಿಯುವ ನೆಲದ ಮೇಲೆಲ್ಲ ಹಳದಿ ಟೇಪಿನ ಬಾಣಗಳು, ಈ ಹೋಟೆಲಿನವರು ಎಷ್ಟು ವರ್ಷ ಮೇಣ ತಿಕ್ಕಿ ಈ ಹೊಳಪು ತಂದಿದ್ದರೋ, ನಾಳೆ ಟೇಪು ಕಿತ್ತರೆ ಹೊಳಪೂ ಕಿತ್ತುಬರುತ್ತದೆ, ಬರಲಿ, ಯಾರಪ್ಪನ ಗಂಟು, ಫಿಂಟನ್ ಬಾಣ ಹಿಡಿದು ಹೆಜ್ಜೆ ಇಡುತ್ತಾನೆ, ಮುಂದೆ ಮಗಳು ನೆಸ್ಸಾ, ಅವಳ ಜಡೆ ಓರೆಯಾಗಿದೆ, ಹಾಕಿದ್ದು ತಾನೇ, ಹದಿಮೂರರ ಹುಡುಗಿಗೆ ಅಪ್ಪ ಜಡೆ ಹಾಕೋದೇನೋ ಎಂದು ಅಕ್ಕ ಬರ್ನಿ ನಗುತ್ತಾಳೆ, ನಗಲಿ, ಬೆಳಿಗ್ಗೆ ನೆಸ್ಸಾಳೇ ಬಾಚಣಿಗೆ ತಂದುಕೊಟ್ಟು ಇವತ್ತು ಚೆನ್ನಾಗಿ ಹಾಕಪ್ಪ ಅಂದಳು, ಹಬ್ಬಕ್ಕೆ ಹೊರಟವಳ ಹಾಗೆ, ಲಸಿಕೆ ಚುಚ್ಚಿಸಿಕೊಳ್ಳುವುದಕ್ಕೆ ಇಷ್ಟು ಸಂಭ್ರಮಪಡುವ ಮಗು ಲೋಕದಲ್ಲಿ ಇನ್ನೊಂದು ಇದ್ದೀತೆ — ಕುರ್ಚಿಗಳ ಬೆನ್ನಿಗೆ ಇನ್ನೂ ಬಿಳಿ ರಿಬ್ಬನ್ನಿನ ಗಂಟು, ಮೊನ್ನೆಯ ಯಾವುದೋ ಮದುವೆಯದು, ಮದುವೆಗೆ ಜನ ಸೇರಬಹುದು, ಕುಣಿಯಬಹುದು, ಒಬ್ಬರ ಮುಖಕ್ಕೆ ಒಬ್ಬರು ಉಸಿರು ಬಿಟ್ಟುಕೊಂಡು ಹಾಡಬಹುದು, ನೆಸ್ಸಾ ಮಾತ್ರ ಒಂದೂವರೆ ವರ್ಷ ಕಿಟಕಿಯ ಒಳಗಿನಿಂದ ಗೆಳತಿಯರಿಗೆ ಕೈ ಬೀಸಬೇಕು, ಯಾಕೆಂದರೆ ಅವಳ ಶ್ವಾಸಕೋಶದಲ್ಲಿ ಕಫ ಅಂಟಿನ ಹಾಗೆ ಕಟ್ಟಿಕೊಳ್ಳುತ್ತದೆ, ಹುಟ್ಟಿನಿಂದ ಬಂದದ್ದು, ಸಿಸ್ಟಿಕ್ ಫೈಬ್ರೋಸಿಸ್, ಆ ಹೆಸರನ್ನು ಅವಳು ತನ್ನ ಹೆಸರಿಗಿಂತ ಮೊದಲೇ ಸರಿಯಾಗಿ ಹೇಳಲು ಕಲಿತಳು, ಬೆಳಿಗ್ಗೆ ಸಂಜೆ ಮಂಚದ ಮೇಲೆ ಓರೆಯಾಗಿ ಮಲಗಿಸಿ ಬೊಗಸೆ ಮಾಡಿದ ಕೈಯಿಂದ ಬೆನ್ನು ತಟ್ಟಬೇಕು, ಎಡಕ್ಕೆ, ಬಲಕ್ಕೆ, ಪಕ್ಕೆಗೆ, ಕಫ ಸಡಿಲವಾಗುವ ತನಕ, ಅಂಥ ಎದೆಗೆ ಈ ಹಾಳು ಕೊರೋನಾ ಹೊಕ್ಕರೆ ಏನಾಗುತ್ತದೆಂದು ಡಾಕ್ಟರು ಹೇಳಲೇ ಇಲ್ಲ, ಹೇಳದೆ ಬಿಟ್ಟಿದ್ದರಿಂದಲೇ ಅವನಿಗೆ ಗೊತ್ತಾಯಿತು. ಈಗ ಹನ್ನೆರಡು ದಾಟಿದ ಮಕ್ಕಳಿಗೂ ಲಸಿಕೆ ಬಂದಿದೆ, ಈ ತಿಂಗಳ ಕೊನೆಗೆ ಶಾಲೆ ತೆರೆಯುತ್ತದೆ, ಇವತ್ತು ಚುಚ್ಚಿದರೆ ಶಾಲೆ, ಇಲ್ಲದಿದ್ದರೆ ಮತ್ತೆ ಕಿಟಕಿ, ಲೆಕ್ಕ ಅಷ್ಟೇ. ಹೊರಗೆ ಗೇಟಿನ ಹತ್ತಿರ ಒಬ್ಬ ದಪ್ಪ ಮನುಷ್ಯ ಲಸಿಕೆ ಬೇಡ, ಮಕ್ಕಳನ್ನು ಬಿಟ್ಟುಬಿಡಿ ಎಂಬ ಬೋರ್ಡು ಹಿಡಿದು ನಿಂತಿದ್ದ, ಅವನ ಇಬ್ಬರು ಮಕ್ಕಳೂ ಫಿಂಟನ್ ಓಡಿಸುವ ಶಾಲಾ ಬಸ್ಸಿನಲ್ಲೇ ಹೋಗುವವರು, ಶಾಲೆಯಿದ್ದಾಗ ದಿನಾ ಬೆಳಿಗ್ಗೆ ಅವರನ್ನು ಹತ್ತಿಸಿ ಕೈ ಎತ್ತುವವನು ಇವತ್ತು ಬೋರ್ಡಿನ ಹಿಂದೆ ಮುಖ ಮುಚ್ಚಿಕೊಂಡ, ಅಯ್ಯಾ, ನಿನ್ನ ಮಕ್ಕಳನ್ನು ಯಾರು ಹಿಡಿದುಕೊಂಡಿದ್ದಾರೆ, ನನ್ನ ಮಗಳನ್ನು ಬಿಡಬೇಕಾದ್ದು ಆ ಕಿಟಕಿ, ಅಂತ ಕಾರಿಂದ ಇಳಿದು ಹೇಳಬೇಕೆನಿಸಿತ್ತು, ನೆಸ್ಸಾ ತೋಳು ಹಿಡಿದು ಬೇಡಪ್ಪ ಅಂದಳು. ಸಾಲು ಸರಿಯಿತು, ಮುಂದಿನ ಬಾಣ, ಅದರ ಮುಂದೆ ಮೇಜು.

ಮೇಜಿನ ಹಿಂದೆ ಅಸಂಪ್ಟಾ, ಬೇರೆ ಯಾರಲ್ಲ, ಅದೇ ಅಸಂಪ್ಟಾ, ಇಗರ್ಜಿಯ ಹೂವಿನ ಕೆಲಸ, ಸಾವಿನ ಮನೆಯ ಸ್ಯಾಂಡ್‌ವಿಚ್ಚು, ಊರಲ್ಲಿ ಏನೇ ಇದ್ದರೂ ಮೊದಲು ಬಂದು ಕೊನೆಗೆ ಹೋಗುವ ಹೆಂಗಸು, ಫಿಂಟನ್ನಿನ ಅಮ್ಮ ತೀರಿಕೊಂಡಾಗ ಎರಡು ರಾತ್ರಿ ಅಡುಗೆಮನೆಯಲ್ಲಿ ನಿಂತು ಚಹಾ ಮಾಡಿದವಳು, ನೆಸ್ಸಾ ಹುಟ್ಟಿದ ವಾರ ಆಪಲ್ ಟಾರ್ಟ್ ತಂದು ಮಗುವಿನ ಗಲ್ಲ ನೋಡಿ, ಇದು ಫಿಂಟನ್ನಿನದೇ ಬಿಡು, ಯಾರನ್ನೂ ಕೇಳಬೇಕಿಲ್ಲ ಎಂದು ನಕ್ಕವಳು — ಯಾರನ್ನೂ ಕೇಳಬೇಕಿಲ್ಲ ಎಂದವಳು ಇವತ್ತು ಕೇಳಿದಳು. ಬಾ ಫಿಂಟನ್, ಬಾ ಮರಿ, ಎಷ್ಟುದ್ದ ಆಗ್ಬಿಟ್ಟೆ ನೀನು, ನಿಮ್ಮಮ್ಮ ಹೇಗಿದಾಳೆ ಆಸ್ಟ್ರೇಲಿಯಾದಲ್ಲಿ, ಒಳ್ಳೇದು ಒಳ್ಳೇದು, ನೀನು ಇವಳ ಲೀಗಲ್ ಗಾರ್ಡಿಯನ್ ತಾನೇ, ಹೌದಲ್ವಾ, ಅಂದಳು, ಅಷ್ಟೇ, ಒಂದೇ ಉಸಿರಿನಲ್ಲಿ, ಪೆನ್ನು ಆಗಲೇ ಫಾರಮ್ಮಿನ ಹೌದು ಎಂಬ ಚೌಕದ ಮೇಲೆ ಇಳಿಯುತ್ತಿತ್ತು, ಅವನು ಸುಮ್ಮನೆ ಹೂಂ ಅಂದಿದ್ದರೆ ಸಾಕಿತ್ತು, ತಲೆಯಾಡಿಸಿದ್ದರೂ ಸಾಕಿತ್ತು, ಕೆಮ್ಮಿದ್ದರೂ ಸಾಕಿತ್ತು. ಆದರೆ ಅವನಿಗೆ ಎಲ್ಲಿಂದ ಬಂತೋ ಹೆಮ್ಮೆ, ಎದೆ ಸೆಟೆಸಿ, ಹಾಲಿಗೆಲ್ಲ ಕೇಳುವ ಹಾಗೆ, ನಾನು ಇವಳಪ್ಪ, ಅಸಂಪ್ಟಾ, ನಾವಿಬ್ರೂ ಮದುವೆ ಆಗ್ಲಿಲ್ಲ ಅಷ್ಟೇ, ಬರ್ತ್ ಸರ್ಟಿಫಿಕೇಟಲ್ಲಿ ನನ್ನ ಹೆಸರಿದೆ, ಬೇಕಾದ್ರೆ ನೋಡು, ಅಂದುಬಿಟ್ಟ. ಪೆನ್ನು ನಿಂತಿತು. ಚೌಕದ ಮೇಲೆ ಒಂದು ಕೂದಲೆಳೆಯಷ್ಟು ಎತ್ತರದಲ್ಲಿ ನಿಂತಿತು, ಅಸಂಪ್ಟಾ ಕಣ್ಣೆತ್ತಿ ನೋಡಿದಳು, ಮಾಸ್ಕಿನ ಮೇಲೆ ಬರೀ ಕಣ್ಣು, ಯಾಕೋ ಮಾರಾಯ ಇದನ್ನ ಹೇಳಿದೆ ಎಂಬಂಥ ಕಣ್ಣು, ಪಕ್ಕದ ಮೇಜಿನ ಹುಡುಗ ಕೇಳಿಸಿಕೊಂಡ, ಹಿಂದಿನ ಕುರ್ಚಿಯ ಹೆಂಗಸು ಕೇಳಿಸಿಕೊಂಡಳು, ಕೇಳಿಸಿಕೊಂಡದ್ದನ್ನು ಇನ್ನು ಯಾರೂ ಕೇಳಿಲ್ಲ ಎನ್ನುವಂತಿಲ್ಲ. ಒಂದು ನಿಮಿಷ ಫಿಂಟನ್, ಡಾಕ್ಟರನ್ನ ಕರೀತೀನಿ, ಎಂದು ಎದ್ದಳು. ನೆಸ್ಸಾ ಆಗಲೇ ಅಂಗಿಯ ಎಡತೋಳನ್ನು ಭುಜದ ತನಕ ಮಡಚಿಕೊಂಡು ನಿಂತಿದ್ದಳು.

ಡಾಕ್ಟರು ಚಿಕ್ಕ ವಯಸ್ಸಿನವಳು, ಮೂಗಿನ ಮೇಲೆ ಮಾಸ್ಕು ಒತ್ತಿದ ಕೆಂಪು ಗೆರೆ, ಸಿಟ್ಟು ಮಾಡೋಣವೆಂದರೆ ಮುಖದಲ್ಲಿ ಸಿಟ್ಟಿಗೆ ಜಾಗವಿಲ್ಲದಷ್ಟು ಆಯಾಸ, ಅವಳು ಮೆಲ್ಲಗೆ ಹೇಳುತ್ತಾಳೆ, ಸರ್ಟಿಫಿಕೇಟಲ್ಲಿ ಹೆಸರಿದ್ರೆ ಅಪ್ಪ ಅಂತ ಆಗತ್ತೆ, ಗಾರ್ಡಿಯನ್ ಅಂತ ಆಗಲ್ಲ, ಮದುವೆ ಆಗಿದ್ರೆ ತಾನಾಗೇ ಆಗೋದು, ಇಲ್ಲಾಂದ್ರೆ ಅಮ್ಮನ ಜೊತೆ ಹೋಗಿ ಪ್ರಮಾಣ ಮಾಡಿ ಬರೆಸ್ಬೇಕಿತ್ತು, ಎಲ್ಲರೂ ಹೆಸರಿದ್ರೆ ಸಾಕು ಅಂದ್ಕೊಂಡಿರ್ತಾರೆ, ಇವತ್ತು ನೀವು ಮೊದಲನೇವ್ರೇನಲ್ಲ, ನಂಗೆ ಬೇಜಾರಾಗ್ತಿದೆ, ಆದ್ರೆ ಒಂದು ಸಲ ಗೊತ್ತಾದ ಮೇಲೆ ನಾನು ಚುಚ್ಚಕ್ಕಾಗಲ್ಲ. ಬೇಜಾರಂತೆ. ಅಪ್ಪ ಆಗುತ್ತದೆ, ಗಾರ್ಡಿಯನ್ ಆಗುವುದಿಲ್ಲ, ಅಂದರೆ ತಾನು ಯಾರು, ನೆರೆಮನೆಯವನೇ, ದಾರಿಯಲ್ಲಿ ಸಿಕ್ಕವನೇ, ಕಾನೂನಿನ ಕಣ್ಣಿಗೆ ಆ ಬೋರ್ಡಿನವನಿಗೂ ತನಗೂ ನೆಸ್ಸಾಳ ಮೇಲೆ ಒಂದೇ ಹಕ್ಕೇ — ಹೆಸರು ಬರೆಸಿದ ದಿನ ಈಗಲೂ ಕಣ್ಣ ಮುಂದಿದೆ, ನೆಸ್ಸಾಳಮ್ಮ ಓರ್ಲಾ ಹೆರಿಗೆಯಾಗಿ ಇನ್ನೂ ಸರಿಯಾಗಿ ಕೂರಲಾರಳು, ಆದರೂ ಬಂದಿದ್ದಳು, ಅವಳ ಹಠ, ಇಬ್ಬರೂ ಹೋಗಿ ಬರೆಸಬೇಕು, ಮಗುವಿಗೆ ಅಪ್ಪನ ಹೆಸರಿಲ್ಲ ಅಂತ ಯಾರೂ ಅನ್ನಬಾರದು ಅಂದಳು, ಒಳ್ಳೆಯ ಮನಸ್ಸಿನಿಂದಲೇ ಅಂದಳು, ಬರೆಸಿ ಹೊರಬಂದು ಇಬ್ಬರೂ ಮೆಟ್ಟಿಲ ಮೇಲೆ ಕೂತು ಒಂದೇ ಪೊಟ್ಟಣದ ಚಿಪ್ಸ್ ತಿಂದರು, ಎಷ್ಟೊಂದು ದೊಡ್ಡ ಕೆಲಸ ಮುಗಿಸಿದೆವು ಅನ್ನಿಸಿತ್ತು, ಮದುವೆ ಆಮೇಲೆ, ಮನೆಗೆ ಸೂರು ಬಂದ ಮೇಲೆ, ಸೂರು ಬರುವಷ್ಟರಲ್ಲಿ ಕೆಲಸ ಹೋಯಿತು, ಕೆಲಸ ಸಿಗುವಷ್ಟರಲ್ಲಿ ಪ್ರೀತಿ ಹೋಯಿತು, ನೆಸ್ಸಾ ಆರಕ್ಕೆ ಬಂದಾಗ ಓರ್ಲಾ ಪರ್ತ್‌ಗೆ ಹೊರಟಳು, ಒಂದೇ ವರ್ಷ, ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸ, ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ಹೆಸರು ಬರೆದುಕೊಂಡ ಆ ಮೇಜಿನವನಾದರೂ ಅವತ್ತೇ ಹೇಳಬಾರದಿತ್ತೇ, ಮಗಾ, ಹೆಸರು ಬರೀ ಹೆಸರು, ಇನ್ನೊಂದು ಬಾಗಿಲಿದೆ, ಅದನ್ನೂ ತಟ್ಟಿ ಹೋಗು ಅಂತ. ಆಸ್ಪತ್ರೆಯಲ್ಲಿ ಎಷ್ಟು ಸಲ ಸಹಿ ಹಾಕಿಲ್ಲ, ಮೂಗಿಗೆ ನಳಿಗೆ ಇಳಿಸುವಾಗ, ಅರಿವಳಿಕೆ ಕೊಡುವಾಗ, ಅಪ್ಪಾನಾ, ಹೌದು, ಇಲ್ಲಿ ಹಾಕಿ, ಮುಗಿಯಿತು, ಎದೆ ಸೀಳುವುದಕ್ಕೆ ಅಪ್ಪ ಸಾಕು, ತೋಳಿಗೊಂದು ಸೂಜಿ ಚುಚ್ಚುವುದಕ್ಕೆ ಸಾಲದು. ಅಮ್ಮ ವಿಡಿಯೋದಲ್ಲಿ ಬಂದು ಒಪ್ಪಿಗೆ ಕೊಟ್ರೂ ನಡಿಯತ್ತೆ, ನಾಲ್ಕು ಗಂಟೆಗೆ ಮುಚ್ತೀವಿ, ಮತ್ತೆ ಈ ಊರಿಗೆ ನಾವು ಬರೋದು ಶಾಲೆ ಶುರುವಾದ್ಮೇಲೆ, ಎಂದಳು ಡಾಕ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ತುತ್ತು ತುಟಿಗೇ ತಾಗಿ ನಿಂತಿದೆ.

ಕಾರಿನಲ್ಲಿ ಕೂತು ಫೋನು ಹಚ್ಚುತ್ತಾನೆ, ರಿಂಗಾಗುತ್ತದೆ, ರಿಂಗಾಗಿ ನಿಲ್ಲುತ್ತದೆ, ಅಲ್ಲಿ ರಾತ್ರಿ ಊಟದ ಹೊತ್ತು, ಎತ್ತಬಹುದಲ್ಲ, ಮತ್ತೆ ಹಚ್ಚುತ್ತಾನೆ, ನೆಸ್ಸಾ ಪಕ್ಕದಲ್ಲಿ, ಮಡಚಿದ ಅಂಗಿತೋಳು ಇನ್ನೂ ಭುಜದಲ್ಲೇ, ಚಳಿಯಾಗತ್ತೆ ಇಳಿಸಮ್ಮ ಅಂದರೆ ಇರಲಿ ಬಿಡು ಅಂದಳು, ಅವಳ ಬೆರಳುಗಳು ಡ್ಯಾಶ್‌ಬೋರ್ಡಿನ ಮೇಲೆ ತಾಳ ಹಾಕುತ್ತಿವೆ, ಬೆರಳ ತುದಿ ಗುಂಡಗೆ ಉಬ್ಬಿ ಉಗುರು ಬಾಗಿದೆ, ಉಸಿರು ಸಾಲದ ಮಕ್ಕಳ ಬೆರಳು ಹಾಗೇ ಆಗುತ್ತದೆ, ಶಾಲೆಯಲ್ಲಿ ಯಾವನೋ ಕಪ್ಪೆ ಬೆರಳು ಅಂದನೆಂದು ಒಂದು ಚಳಿಗಾಲವೆಲ್ಲ ಕೈಗವಸು ತೆಗೆಯಲಿಲ್ಲ ಇವಳು — ಬಸ್ಸಿನ ಕೆಲಸಕ್ಕೆ ಸೇರುವಾಗ ಪೊಲೀಸರು ಅವನ ಹಿಂದುಮುಂದೆಲ್ಲ ಜಾಲಾಡಿ ಸರಿ ಅಂದಿದ್ದರು, ಊರಿನ ಮಕ್ಕಳನ್ನೆಲ್ಲ ತುಂಬಿಕೊಂಡು ಮಂಜಿನಲ್ಲಿ, ಹಿಮಗಟ್ಟಿದ ತಿರುವಿನಲ್ಲಿ ಓಡಿಸು, ಅದಕ್ಕೆ ನೀನು ಯೋಗ್ಯ, ಸ್ವಂತ ಮಗಳ ತೋಳಿಗೆ ಹೌದು ಅನ್ನುವುದಕ್ಕೆ ಮಾತ್ರ ಅಯೋಗ್ಯ. ಮತ್ತೆ ಈ ರೋಗ, ಇದು ಅಪ್ಪನಿಂದ ಅರ್ಧ ಅಮ್ಮನಿಂದ ಅರ್ಧ ಬರಬೇಕು, ಒಬ್ಬರಿಂದಲೇ ಬರುವುದಿಲ್ಲ, ಡಾಕ್ಟರು ಚಿತ್ರ ಬರೆದು ತೋರಿಸಿದ್ದರು, ಇಗೋ ಇದು ನಿಮ್ಮ ಕಡೆಯದು ಅಂತ, ಆ ಅರ್ಧವನ್ನು ಕೊಡುವಾಗ ನಿಂಗೆ ಮದುವೆ ಆಗಿದೆಯೇನಪ್ಪಾ ಎಂದು ಯಾರೂ ಕೇಳಲಿಲ್ಲ, ರೋಗ ಕೊಡುವುದಕ್ಕೆ ಅಪ್ಪ, ಮದ್ದು ಕೊಡಿಸುವುದಕ್ಕೆ ಯಾರೋ. ಫೋನು ಬಡಿದುಕೊಂಡಿತು, ಓರ್ಲಾ ಅಂದುಕೊಂಡರೆ ಬರ್ನಿ, ಆಯ್ತೇನೋ ಎಂದು ಕೇಳಿದಳು, ಎಲ್ಲ ಹೇಳಿದ, ಬರ್ನಿ ರೇಗಿದಳು, ನೀನ್ಯಾಕೋ ಹಾಗಂದೆ, ಅಸಂಪ್ಟಾ ಹೌದಲ್ವಾ ಅಂತ ತಾನೇ ಕೇಳಿದ್ದು, ಹೌದಾ ಅಂತ ಕೇಳ್ಲಿಲ್ವಲ್ಲ, ಈ ಊರಲ್ಲಿ ಪ್ರಶ್ನೆ ಕೇಳೋದು ಉತ್ತರಕ್ಕೇನೋ, ಪೆದ್ದ, ಅವಳು ಬಾಗಿಲು ತೆಗ್ದು ನಿಂತಿದ್ಲು, ನೀನು ಒಳಗೆ ಹೋಗೋದು ಬಿಟ್ಟು ಚಿಲಕದ ಬಗ್ಗೆ ಭಾಷಣ ಮಾಡ್ದೆ. ಅಕ್ಕ ಹೇಳುವುದು ನಿಜ, ಅದಕ್ಕೇ ಮೈಯೆಲ್ಲ ಉರಿಯುತ್ತದೆ, ಈ ಊರು ಹೀಗೇ ನಡೆದುಕೊಂಡು ಬಂದದ್ದು, ಎಲ್ಲರಿಗೂ ಎಲ್ಲ ಗೊತ್ತು, ಯಾರೂ ಬಾಯಿಬಿಟ್ಟು ಹೇಳದಿದ್ದರೆ ಎಲ್ಲವೂ ನಡೆಯುತ್ತದೆ, ಹೇಳಿದವನೇ ಕೆಟ್ಟ, ಆದರೆ ತಾನು ಹೇಳಿದ್ದರಲ್ಲಿ ತಪ್ಪೇನು, ಸುಳ್ಳು ಹೇಳಿದರೆ ಅಪ್ಪ, ನಿಜ ಹೇಳಿದರೆ ಹಾದಿಹೋಕ, ಇದ್ಯಾವ ಸೀಮೆ ನ್ಯಾಯ, ಸತ್ಯಕ್ಕೆ ಸಾವಿಲ್ಲವಂತೆ, ಇಲ್ಲದಿರಬಹುದು, ಅದನ್ನು ಹೇಳಿದವನು ಕಾರು ನಿಲ್ಲಿಸುವ ಜಾಗದಲ್ಲಿ ಕೂತು ಕಾಯಬೇಕು ಅಷ್ಟೇ. ನಾನು ಬೇಕಾದ್ರೆ ಅಸಂಪ್ಟಾ ಹತ್ರ ಮಾತಾಡ್ಲಾ ಎಂದು ಬರ್ನಿ ಕೇಳುತ್ತಿದ್ದಾಗಲೇ ಇನ್ನೊಂದು ಕರೆ ಬಂತು.

ಓರ್ಲಾ. ಹಿಂದೆ ಸಂಗೀತ, ಯಾರದೋ ನಗು, ಯಾರದೋ ಮನೆ. ಏನಾಯ್ತು ಫಿಂಟನ್, ಇಷ್ಟು ಸಲ ಮಾಡಿದೀಯ, ನೆಸ್ಸಾ ಹುಷಾರಾಗಿದಾಳೆ ತಾನೇ, ಧ್ವನಿಯಲ್ಲಿ ಗಾಬರಿ ಇದೆ, ಇಲ್ಲವೆಂದರೆ ಪಾಪ ಬರುತ್ತದೆ, ಅವನು ಎಲ್ಲ ಹೇಳುತ್ತಾನೆ, ಬೇಗಬೇಗ, ಗಡಿಯಾರ ನೋಡಿಕೊಂಡು, ನೀನು ಒಂದು ಮಾತು ಹೂಂ ಅಂದ್ರೆ ಸಾಕು. ಈಗ್ಲೇನಾ ಅಂದಳು ಓರ್ಲಾ. ಸ್ವಲ್ಪ ಕಾಯ್ಬಾರ್ದಾ, ಇಲ್ಲಿ ಅಂಗಡಿಯಲ್ಲಿ ಒಬ್ಳು ಹೇಳ್ತಿದ್ಲು, ಮಕ್ಕಳ ಹೃದಯಕ್ಕೆ ಏನೋ ಆಗತ್ತಂತೆ, ನಂಗೊಂದೆರಡು ದಿನ ಓದಕ್ಕೆ ಕೊಡು. ಓದಕ್ಕೆ. ಹದಿಮೂರು ವರ್ಷ ಈ ಎದೆಯ ಸದ್ದನ್ನು ಅಕ್ಷರ ಅಕ್ಷರವಾಗಿ ಓದಿದವನು ಇಲ್ಲಿ ಕೂತಿದ್ದಾನೆ, ಅಂಗಡಿಯಲ್ಲಿ ಯಾರದೋ ತಲೆಗೆ ಬಣ್ಣ ಹಚ್ಚುತ್ತ ಯಾರೋ ಅಂದದ್ದಕ್ಕೆ ಎರಡು ದಿನ ಬೇಕಂತೆ, ನಾಲಿಗೆಯ ತುದಿಗೆ ಬಂತು, ನೀನು ಕಂಡು ಎಷ್ಟು ವರ್ಷವಾಯಿತು ಅವಳನ್ನು, ಯಾವ ಮಾತ್ರೆಯ ಬಣ್ಣ ಯಾವುದು ಗೊತ್ತೇ, ಯಾವ ಪಕ್ಕೆಗೆ ಮಲಗಿದರೆ ಉಸಿರು ಸಲೀಸು ಗೊತ್ತೇ, ಎಲ್ಲ ನಾಲಿಗೆಯ ತುದಿಗೆ ಬಂತು, ನುಂಗಿದ, ಆಡಿದರೆ ಅವಳು ಫೋನು ಇಟ್ಟಾಳು, ಇಟ್ಟರೆ ಬಾಗಿಲು ಮುಚ್ಚೀತು, ಹೌದು ಎಂಬ ಮಾತು ಈಗ ಅವಳ ಕೈಯಲ್ಲಿದೆ, ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಓರ್ಲಾ, ಆಸ್ಪತ್ರೆಯವ್ರೇ ಬೇಕೇಬೇಕು ಅಂದಿದಾರೆ ಅಂದ. ನಾನೂ ಅವಳಮ್ಮ ಫಿಂಟನ್, ನಂಗೆ ಯೋಚ್ನೆ ಮಾಡೋ ಹಕ್ಕಿಲ್ವಾ ಅಂದಳು. ಇದೆ, ಹಕ್ಕೆಲ್ಲ ನಿಂದೇ ಇದೆ, ಅದೇ ಆಗಿರೋದು, ದಮ್ಮಯ್ಯ ಅಂತೀನಿ, ಹೂಂ ಅನ್ನು — ದಮ್ಮಯ್ಯ ಎಂಬ ಮಾತು ಬಾಯಿಂದ ಬಿದ್ದದ್ದನ್ನು ತಾನೇ ಕೇಳಿಸಿಕೊಂಡ, ನೆಸ್ಸಾಳೂ ಕೇಳಿಸಿಕೊಂಡಳು, ಡ್ಯಾಶ್‌ಬೋರ್ಡಿನ ಮೇಲಿನ ಬೆರಳುಗಳು ನಿಂತವು. ಆಗ ಅವಳಿಗೆ ಕೆಮ್ಮು ಬಂತು, ಮಧ್ಯಾಹ್ನ ಬರುವಂಥದ್ದೇ, ಹೊಸದೇನಲ್ಲ, ತಳದಿಂದ ಎದ್ದು ಇಡೀ ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸುವ ಕೆಮ್ಮು, ಫಿಂಟನ್ ಫೋನನ್ನು ತೊಡೆಯ ಮೇಲೆ ಹಾಕಿ ಬೊಗಸೆಗೈಯಿಂದ ಬೆನ್ನು ತಟ್ಟಿದ, ಎಡಕ್ಕೆ, ಬಲಕ್ಕೆ, ಕಾರಿನ ಗಾಜಿಗೆಲ್ಲ ಉಸಿರಿನ ಮಂಜು ಹಿಡಿಯಿತು, ಮುಗಿದ ಮೇಲೆ ಫೋನು ಎತ್ತಿದರೆ ಆ ಕಡೆ ಸಂಗೀತವಿಲ್ಲ, ಓರ್ಲಾ ಹೊರಗೆ ಬಂದು ನಿಂತಿರಬೇಕು. ಅದೇನು ಸದ್ದು ಅಂದಳು. ಅದು ನೆಸ್ಸಾ ಅಂದ. ಅಷ್ಟೊಂದಾ, ದಿನಾನೂ ಹಂಗೇನಾ ಅಂದಳು. ದಿನಾನೂ ಅಂದ. ಡಾಕ್ಟರಿಗೆ ಕೊಡು ಫೋನು ಅಂದಳು ಓರ್ಲಾ, ಅಳುತ್ತಿದ್ದಳೋ ಏನೋ, ಅವನು ಥ್ಯಾಂಕ್ಸ್ ಅಂದ, ಅಂದ ಮೇಲೆ ಕಾರಿನ ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಹಾಕಿದ, ತನ್ನ ಮಗಳಿಗೆ ಮದ್ದು ಹಾಕಿಸುವುದಕ್ಕೆ ತಾನು ಥ್ಯಾಂಕ್ಸ್ ಹೇಳುತ್ತಾನೆ, ಉಪಕಾರವಾಯಿತು ಎಂಬಂತೆ, ಸಾಲಕ್ಕೆ ಉಪ್ಪು ಈಸಿಕೊಂಡವನ ಹಾಗೆ.

ಮತ್ತೆ ಒಳಗೆ, ಬಾಣಗಳ ಮೇಲೆ ಓಡುನಡಿಗೆ, ಅಸಂಪ್ಟಾ ಅವರನ್ನು ಕಂಡವಳೇ ಸಾಲನ್ನು ನಿಲ್ಲಿಸಿ ಮುಂದೆ ಬಿಟ್ಟಳು, ಅದೇ ಅವಳ ಕ್ಷಮೆ, ಬಾಯಿಬಿಟ್ಟು ಹೇಳುವ ಜನವಲ್ಲ, ಡಾಕ್ಟರು ವಿಡಿಯೋ ಹಾಕಿಸಿ ಫೋನಿನಲ್ಲಿ ಓರ್ಲಾಳ ಮುಖ ನೋಡಿದಳು, ನೀವು ಇವಳಮ್ಮಾನಾ, ಹೌದು, ಒಪ್ಪಿಗೆ ಇದೆಯಾ, ಹೌದು, ಅಷ್ಟೇ, ಎರಡು ಹೌದು, ಕಾಗದಪತ್ರ ಯಾವುದೂ ಕೇಳಲಿಲ್ಲ, ಆ ಮುಖ ಯಾರದ್ದೋ ಆಗಿದ್ದರೂ ನಡೆಯುತ್ತಿತ್ತು, ಬರ್ನಿಯದೇ ಆಗಿದ್ದರೂ ನಡೆಯುತ್ತಿತ್ತು, ಛೆ, ಮೊದಲೇ ಹೊಳೆಯಬಾರದಿತ್ತೇ — ಹಿಡಿದ್ಕೊಂಡೇ ಇರಿ, ಚುಚ್ಚೋ ತನಕ ಅಮ್ಮ ಲೈನಲ್ಲೇ ಇರ್ಲಿ, ಎಂದು ನೀಲಿ ಪರದೆಯ ಒಂದು ಗೂಡು ತೋರಿಸಿದಳು. ನೆಸ್ಸಾ ಫೋನು ಹಿಡಿದು ಒಳಗೆ ಹೋದಳು, ಫಿಂಟನ್ ಹಿಂದೆಯೇ ಕಾಲಿಟ್ಟ, ಹಳದಿ ಅಂಗಿಯ ಸ್ವಯಂಸೇವಕ ಕೈ ಅಡ್ಡ ಹಿಡಿದ, ಕಂಬಕ್ಕೆ ಅಂಟಿಸಿದ ಹಾಳೆ ತೋರಿಸಿದ, ಮಗುವಿನ ಜೊತೆ ಒಬ್ಬರು ಮಾತ್ರ. ಹೌದು, ನಾನೊಬ್ನೇ ಅಂದ ಫಿಂಟನ್. ಒಬ್ರು ಆಗ್ಲೇ ಒಳಗಿದಾರಲ್ಲ ಸಾರ್ ಅಂದ ಅವನು. ಯಾರು ಎಂದು ನೋಡಿದರೆ ಪರದೆಯ ಸೀಳಿನಲ್ಲಿ ಕಂಡಿತು, ದೊಡ್ಡವರು ಕೂರಲಿ ಎಂದು ಹಾಕಿದ ಕುರ್ಚಿ, ಬೆನ್ನಿಗೆ ಮದುವೆಯ ಬಿಳಿ ರಿಬ್ಬನ್ನು, ಕುರ್ಚಿಯ ಮೇಲೆ ಫೋನು, ಫೋನಿನಲ್ಲಿ ಓರ್ಲಾ. ನಗಬೇಕೋ, ಕುರ್ಚಿಯನ್ನೆತ್ತಿ ಬಿಸಾಡಬೇಕೋ, ಈ ಹುಡುಗನ ಕತ್ತಿನ ಪಟ್ಟಿ ಹಿಡಿದು ಹೇಳಬೇಕು, ನೋಡೋ, ಫೋನು ದೊಡ್ಡವರಂತೆ, ಕುರ್ಚಿಯ ಮೇಲೆ ಕೂತಿದೆಯಂತೆ, ಆ ಫೋನು ನನ್ನದು ಕಣೋ, ತಿಂಗಳು ತಿಂಗಳು ಅದಕ್ಕೆ ಕಟ್ಟುವವನೂ ನಾನೇ, ನನ್ನ ಫೋನು ಒಳಗೆ ಹೋಗಬಹುದು, ನಾನು ಹೋಗಬಾರದು, ಕಾಯಿದೆ ಮಾಡಿದವರ ಮನೆಯಲ್ಲಿ ಮಕ್ಕಳೇ ಇಲ್ಲವೇ, ಅಪ್ಪಂದಿರೇ ಇಲ್ಲವೇ, ಇದ್ದರೂ ಅವರೆಲ್ಲ ಹೊತ್ತಿಗೆ ಸರಿಯಾಗಿ ಮದುವೆಯ ಸೂಟು ತೊಟ್ಟು ಇಂಥದೇ ಹಾಲಿನಲ್ಲಿ ಕುಣಿದವರೇ ಇರಬೇಕು — ಒಳಗೆ ನರ್ಸು ಯಾವ ಕೈಯಲ್ಲಿ ಬರೀತೀಯ ಮರಿ ಎಂದು ಕೇಳಿದಳು, ಬಲಗೈ ಎಂದಳು ನೆಸ್ಸಾ, ಓರ್ಲಾಳ ಧ್ವನಿ ಬಂತು, ನೆಸ್ಸಾ, ಫೋನು ಸರಿಯಾಗಿಡು ಕಂದ, ಅಮ್ಮಂಗೆ ಬರೀ ಛಾವಣಿ ಕಾಣ್ತಿದೆ. ಸರಿಯಾಗಿಡಲಿಲ್ಲ ನೆಸ್ಸಾ. ಅಲ್ಲೇ ಇರಮ್ಮ, ಈಗ ಮುಗಿಯತ್ತೆ ಅಂದಳು. ಪರದೆ ಅಲುಗಿತು, ಅದರ ಅಂಚಿನ ಕೆಳಗೆ ಅವನ ಮೊಣಕಾಲಿನ ಎತ್ತರಕ್ಕೆ ಒಂದು ಕೈ ಹೊರಬಂತು, ಬಲಗೈ, ಗಾಳಿಯಲ್ಲಿ ಅತ್ತ ಇತ್ತ ತಡಕಾಡಿತು, ಫಿಂಟನ್ ಕುಕ್ಕರಗಾಲಿನಲ್ಲಿ ಕೂತ, ಹಳದಿ ಅಂಗಿಯವನು ಬೇರೆ ಕಡೆ ನೋಡಿದ, ಅಲ್ಲಿ ಸೂಜಿ ಇಳಿಯಿತೆಂದು ಇಲ್ಲಿ ಗೊತ್ತಾಯಿತು, ಅವನ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದ ಬೆರಳುಗಳು, ಗುಂಡಗೆ ಉಬ್ಬಿದ ತುದಿಗಳು, ಬಾಗಿದ ಉಗುರುಗಳು, ಆ ಬೆರಳುಗಳು, ಪರದೆಯ ಈಚೆಗೆ, ಆ ಬೆರಳುಗಳು —